ದೋಣಿಯ ಹಿಂದುಗಡೆ ಕೂತ ಹ್ಯಾರಿಯೆಟ್ ಅತ್ತಿಗೆ

ನನ್ನ ಅತ್ತಿಗೆ ಹ್ಯಾರಿಯೆಟ್ ನೀಪೋಶ್ ನಕ್ಕರೆ ಆಚೆ ದಡದ ಕಾಡುಬಾತುಗಳು ಎದ್ದು ಹಾರುತ್ತಿದ್ದವು. ಅದಕ್ಕೇ ಬೇಟೆಗೆ ಹೊರಟವರು ಯಾರೂ ಅವಳನ್ನು ಜೊತೆಗೆ ಕರೆಯುತ್ತಿರಲಿಲ್ಲ. ಕುಳ್ಳಗಿನ ಆಳು, ಗಂಡಸಿನಂಥ ಹೆಗಲು, ಬೇಸಿಗೆಯಲ್ಲೂ ತಲೆಗೆ ಹೂವಿನ ಚಿತ್ತಾರದ ವಸ್ತ್ರ. ಚಳಿಗಾಲದುದ್ದಕ್ಕೂ ಊರ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸದ ಸಾರು ಬಡಿಸುವಳು. ಸರೋವರದ ಹಿಮಗಡ್ಡೆ ಒಡೆದು ನಮೇವ್ ನದಿ ಹರಿಯಲು ಶುರುವಾದರೆ ಸೌಟನ್ನು ಮೊಳೆಗೆ ನೇತುಹಾಕಿ ಹುಟ್ಟು ಹಿಡಿಯುವಳು.

ನಮೇವ್ ಎಂದರೆ ನಮ್ಮ ಕ್ರೀ ಬುಡಕಟ್ಟಿನ ಮಾತಿನಲ್ಲಿ ಬೆನ್ನಿನುದ್ದಕ್ಕೂ ಮೂಳೆಯ ಬಿಲ್ಲೆ ಹೊತ್ತ ದೊಡ್ಡ ಮೀನು. ಮನುಷ್ಯನಷ್ಟು ಉದ್ದ ಬೆಳೆಯುತ್ತದೆ, ಮನುಷ್ಯನಿಗಿಂತ ಹೆಚ್ಚು ಕಾಲ ಬದುಕುತ್ತದೆ. ಆ ಮೀನಿನ ಹೆಸರಿನ ನದಿ ನಮ್ಮೂರ ಸರೋವರದಲ್ಲಿ ಹುಟ್ಟಿ, ಪಶ್ಚಿಮಕ್ಕೆ ಕಾಡಿನೊಳಗೆ ನುಗ್ಗಿ, ಕೊನೆಗೆ ಉಪ್ಪುನೀರಿನ ಕೊಲ್ಲಿ ಸೇರುತ್ತದೆ. ಅದರ ದಡದಲ್ಲಿ ಬೇಲಿಯಿಲ್ಲ, ಕಾವಲಿಲ್ಲ, ಇದನ್ನು ಮುಟ್ಟಬಾರದು ಎಂದು ಯಾವ ಸರ್ಕಾರವೂ ಹೇಳಿಲ್ಲ.

ದಕ್ಷಿಣದ ಪಟ್ಟಣಗಳಿಂದ ಬರುವವರನ್ನು ಈ ನದಿಯ ಮೇಲೆ ದೋಣಿಯಲ್ಲಿ ಕರೆದೊಯ್ಯುವ ಕೆಲಸ ಮೊದಲು ನನ್ನ ಅಣ್ಣ ಇಲೈಜಾನದು. ಮುಂದೆ ನಾನು, ಹಿಂದೆ ಅಣ್ಣ, ನಡುವೆ ಪಾತ್ರೆ, ಹಿಟ್ಟಿನ ಚೀಲ, ಗುಡಾರ, ಅವುಗಳ ಜೊತೆಗೆ ಅತ್ತಿಗೆ. ದೋಣಿಯ ಹಿಂದುಗಡೆ ಕೂತವನೇ ಅದರ ಯಜಮಾನ. ಬಂಡೆಗಳ ನಡುವಿನ ಯಾವ ಸೆಳವಿಗೆ ಇಳಿಯಬೇಕು, ಎಲ್ಲಿ ದಡಕ್ಕೆ ಬಂದು ದೋಣಿಯನ್ನು ತಲೆಯ ಮೇಲೆ ಹೊತ್ತು ದಾಟಬೇಕು, ಎಲ್ಲ ಅವನ ತೀರ್ಮಾನ. ಮುಂದಿನವನು ಬಂಡೆ ಕಂಡರೆ ಕೂಗಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡಿರಬೇಕು. ಕೂಗುವುದಷ್ಟೇ ನನಗೆ ಚೆನ್ನಾಗಿ ಬರುತ್ತಿತ್ತು.

ಒಂದು ಫೆಬ್ರವರಿಯಲ್ಲಿ ಅಣ್ಣ ಸೌದೆ ಒಡೆಯುತ್ತ ಎದೆ ಹಿಡಿದುಕೊಂಡು ಹಿಮದ ಮೇಲೆ ಕೂತ. ಮತ್ತೆ ಏಳಲಿಲ್ಲ.

ವಸಂತ ಬಂತು. ಅಣ್ಣನ ದೋಣಿಗಳು ಅಂಗಳದಲ್ಲಿ ಬೋರಲಾಗಿ ಬಿದ್ದಿದ್ದವು. ನಮ್ಮ ದೊಡ್ಡಪ್ಪ ಜೋಸಫಾಟ್ ಒಂದು ಬೆಳಿಗ್ಗೆ ಅವುಗಳನ್ನು ಒಯ್ಯಲು ಬಂದರು. ಆ ಕಾಲಕ್ಕೆ ನದಿಯ ಮೇಲೆ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅಣ್ಣನಿಗೆ ಹುಟ್ಟು ಹಿಡಿಯಲು ಕಲಿಸಿದವರೂ ಅವರೇ.

"ಸುಮ್ಮನೆ ಬಿದ್ದಿದ್ರೆ ಮೇಲೆ ಹೊದಿಸಿದ ಕ್ಯಾನ್ವಾಸ್ ಬಿರುಕು ಬಿಡುತ್ತೆ, ಹ್ಯಾರಿಯೆಟ್. ನಮ್ಮನೇಲಾದ್ರೂ ಇರಲಿ," ಎಂದರು.

ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದವಳು ತಿರುಗಲೇ ಇಲ್ಲ. "ಅವು ಬೇಕು ಮಾವ. ಈ ಬೇಸಿಗೆ ನಾನೇ ಬಿಡ್ತೀನಿ."

"ಯಾರನ್ನ ಕಟ್ಕೊಂಡು?"

"ಸಿಂಕ್ಲೇರ್ ಇದಾನಲ್ಲ. ಮುಂದೆ ಕೂರ್ತಾನೆ."

"ಮುಂದೆ ಸರಿ. ಹಿಂದೆ ಯಾರು?"

"ನಾನು."

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಮೋಡ ನೋಡಿದೆ.

"ನೋಡಮ್ಮ," ಎಂದರು, "ಹೆಂಗಸರು ನಡುವೆ ಕೂರೋದು. ನಮ್ಮಮ್ಮ ಕೂತ್ಲು, ನಿಮ್ಮತ್ತೆ ಕೂತ್ಲು."

"ನಾನೂ ಕೂತೆನಲ್ಲ ಮಾವ, ಇಷ್ಟು ವರ್ಷ! ಮುಂದಿನೋನು ಬಂಡೆ ನೋಡ್ತಿದ್ದ. ಹಿಂದಿನೋನು ಮುಂದಿನೋನ್ನ ಬೈತಿದ್ದ. ನೆಮ್ಮದಿಯಾಗಿ ಕೂತು ಪೂರಾ ನದಿ ನೋಡಿದೋಳು ನಾನೊಬ್ಳೇ."

ಹೇಳಿ ನಕ್ಕಳು. ಅಣ್ಣ ಹೋದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ಆ ನಗು ಕೇಳಿಯೇ ನಾನು ಜೊತೆಗೆ ಹೋಗುವುದೆಂದು ತೀರ್ಮಾನ ಮಾಡಿದ್ದು. ದೊಡ್ಡಪ್ಪ ಮಾತ್ರ ದುಮುಗುಡುತ್ತ ಬರಿಗೈಯಲ್ಲಿ ಹೋದರು.

ಮೊದಲ ಪ್ರಯಾಣ ಸುಖವಾಗಿತ್ತು ಎಂದು ಹೇಳಲಾರೆ. ಬಂದವರು ನಾಲ್ವರು, ಎಲ್ಲರೂ ಗಂಡಸರು. ಹಿಂದೆ ಕೂತ ಹೆಂಗಸನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ದಿನ ಸಣ್ಣದೊಂದು ಸೆಳವಿನಲ್ಲಿ ಅತ್ತಿಗೆ ದೋಣಿಯನ್ನು ಅಡ್ಡ ಹಾಕಿಬಿಟ್ಟಳು. ಹಿಟ್ಟಿನ ಚೀಲ ನೀರುಪಾಲು. ಅದು ತೇಲಿಹೋಗುವುದನ್ನು ನೋಡುತ್ತ ಅವಳು, "ಇವತ್ತಿಂದ ಮೀನೇ ರೊಟ್ಟಿ, ಮೀನೇ ಪಲ್ಯ," ಎಂದಳು. ಗುಡಾರ ಹಾಕಿದ ಮೇಲೆ ನಾನು ಸೌದೆ ತರಲು ಹೋದಾಗ ಅವಳು ಒಂದು ಕಲ್ಲಿನ ಮರೆಯಲ್ಲಿ ಕೂತು, ಆ ಸೆಳವನ್ನು ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚುತ್ತಿದ್ದಳು.

"ವಾಪಸ್ ಹೋಗೋಣವಾ ಅತ್ತಿಗೆ?" ಎಂದೆ.

"ಎಲ್ಲಿಗೆ? ಮನೇಲಿ ನಿಮ್ಮಣ್ಣನ ಬೂಟು ಇದಾವೆ, ನಾನು ಬಾಗಿಲು ತೆಗೆದಾಗೆಲ್ಲ ನನ್ನನ್ನೇ ನೋಡ್ತಾವೆ. ನಾಳೆ ಬೆಳಿಗ್ಗೆ ನೀನು ಸ್ವಲ್ಪ ಜೋರಾಗಿ ಕೂಗು, ಅಷ್ಟೇ. ಇವತ್ತು ಬೆಕ್ಕು ಕೂಗಿದಂಗೆ ಕೂಗ್ದೆ."

ಮಾರನೆಯ ದಿನದಿಂದ ಅವಳು ಪ್ರತಿ ಸೆಳವಿನ ನೆತ್ತಿಯಲ್ಲೂ ದೋಣಿ ನಿಲ್ಲಿಸಿ, ದಡದಲ್ಲಿ ಇಳಿದು ಹೋಗಿ ನೀರನ್ನು ಪೂರ್ತಿ ನೋಡಿಕೊಂಡು ಬರುತ್ತಿದ್ದಳು. ಅನುಮಾನವಿದ್ದ ಕಡೆ ದೋಣಿಗೆ ಹಗ್ಗ ಕಟ್ಟಿ ದಡದಿಂದಲೇ ಇಳಿಸಿದಳು. ಅಣ್ಣ ಹಾಗೆ ಮಾಡುತ್ತಿರಲಿಲ್ಲ, ಗಂಡಸರು ಗೊಣಗಿದರು. ಆದರೆ ಹಿಂದಿರುಗುವ ಹೊತ್ತಿಗೆ ಆ ನಾಲ್ವರಲ್ಲಿ ಒಬ್ಬ ಅವಳಿಂದ ಮೀನು ಸೀಳಿ ಹೊಗೆಗೆ ಕಟ್ಟುವುದನ್ನು ಕಲಿಯುತ್ತಿದ್ದ. ಇನ್ನೊಬ್ಬ ಮುಂದಿನ ವರ್ಷ ಹೆಂಡತಿಯನ್ನೂ ಕರೆತರುತ್ತೇನೆಂದ, ಕರೆತಂದ ಕೂಡ. ಬೇಸಿಗೆ ಮೇಲೆ ಬೇಸಿಗೆ ಕಳೆದಂತೆ ಅವಳು ಹಗ್ಗ ಕಟ್ಟುವುದು ಕಡಿಮೆಯಾಯಿತು, ನಗುವುದು ಹೆಚ್ಚಾಯಿತು.

ನಮ್ಮ ಪ್ರಯಾಣ ದೊಡ್ಡ ಅಬ್ಬಿಯ ಮೇಲುಗಡೆಗೇ ನಿಲ್ಲುತ್ತಿತ್ತು. ಅಲ್ಲಿ ನದಿ ಇಡಿಯಾಗಿ ಕೆಳಗೆ ಬೀಳುತ್ತದೆ. ಹಿಂದೆ ಅದರ ಪಕ್ಕದ ಗುಡ್ಡದ ಮೇಲೆ ಜನ ದೋಣಿ ಹೊತ್ತು ದಾಟುವ ಹೊರೆದಾರಿಯೊಂದಿತ್ತಂತೆ. ನಾನು ತೊಟ್ಟಿಲಲ್ಲಿದ್ದಾಗ ಕಾಡಿಗೆ ಬೆಂಕಿ ಬಿದ್ದು ಅದು ಮುಚ್ಚಿಹೋಯಿತು. ಆಮೇಲೆ ಊರಿಗೆ ರಸ್ತೆ ಬಂತು, ಅಂಗಡಿ ಬಂತು, ಅಬ್ಬಿಯ ಕೆಳಗಿನ ನದಿ ಮುದುಕರ ಮಾತಿನಲ್ಲಷ್ಟೇ ಉಳಿಯಿತು.

ಹಾಗಿರುವಾಗ ಒಂದು ಜೂನ್ ತಿಂಗಳು ಅಬ್ಬಿಯ ಹತ್ತಿರದ ಸ್ಪ್ರೂಸ್ ಮರಗಳಿಗೆಲ್ಲ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿತ್ತು. ಯಾವುದೋ ಕಂಪನಿ ಅಣೆಕಟ್ಟಿಗೆ ಅಳತೆ ಮಾಡಿ ಹೋಗಿತ್ತು. ಅತ್ತಿಗೆ ಒಂದು ಮರದ ಮುಂದೆ ಬಹಳ ಹೊತ್ತು ನಿಂತಳು. ಆ ದಿನ ಅವಳು ಊಟ ಮಾಡಲಿಲ್ಲ.

ಊರು ಒಪ್ಪಿದರೆ ಮನೆ, ಕೆಲಸ ಕೊಡುತ್ತೇವೆಂದು ಕಂಪನಿ ಹೇಳಿತ್ತು; ಅದನ್ನು ತೀರ್ಮಾನಿಸಲು ಊರ ಸಭಾಭವನದಲ್ಲಿ ಜನ ಸೇರಿದರು. ನಮ್ಮ ಮುಖ್ಯಸ್ಥ ಮ್ಯಾಲ್ಕಮ್ ಆಗಿನ್ನೂ ಚಿಕ್ಕವನು, ಕೆಟ್ಟವನಲ್ಲ. ಊರಿಗೆ ಮನೆಗಳು ಸಾಲದು, ಹುಡುಗರಿಗೆ ಕೆಲಸವಿಲ್ಲ ಎಂಬ ಚಿಂತೆ ಅವನಿಗೆ ನಿಜವಾಗಿಯೂ ಇತ್ತು.

"ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ. "ಅಬ್ಬಿಯಿಂದ ಕೆಳಗೆ ನದಿ ನೋಡಿರೋರು ಕೈ ಎತ್ತಿ."

ಮುಂದಿನ ಸಾಲಿನಲ್ಲಿ ಕೂತ ಮುದುಕರು ಕೈ ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ. ಅತ್ತಿಗೆಯ ಕೈಯೂ ಮಡಿಲಲ್ಲೇ ಇತ್ತು.

"ನೋಡಿದ್ರಾ? ನಾವೇ ಹೋಗದೇ ಇರೋ ನದಿ. ಅದು ನಮ್ಮದು ಅಂತ ಯಾವ ಬಾಯಲ್ಲಿ ಹೇಳೋದು?"

ಆಗ ಅತ್ತಿಗೆ ಎದ್ದು ನಿಂತಳು. ಅಂಥ ಸಭೆಯಲ್ಲಿ ಅವಳು ಒಮ್ಮೆಯೂ ಮಾತಾಡಿದವಳಲ್ಲ. ಮುಖ ಕೆಂಪಾಗಿತ್ತು.

"ಅವನು ಹೇಳಿದ್ದು ನಿಜ," ಎಂದಳು. "ನಾನೂ ನೋಡಿಲ್ಲ. ನೋಡದೇ ಇರೋದನ್ನ ಬೇಕು ಅನ್ನೋದೂ ತಪ್ಪು, ಬೇಡ ಅನ್ನೋದೂ ತಪ್ಪು. ಕಾಡುಬಾತು ದಕ್ಷಿಣಕ್ಕೆ ಹೋದ್ಮೇಲೆ ಮತ ಹಾಕೋಣ. ಅದಕ್ಕೆ ಮುಂಚೆ ಬನ್ನಿ, ಕೊಲ್ಲಿವರೆಗೂ ಹೋಗಿ ನೋಡ್ಕೊಂಡ್ ಬರೋಣ. ಬರೋರನ್ನೆಲ್ಲ ನಾನು ಕರ್ಕೊಂಡ್ ಹೋಗ್ತೀನಿ. ಮ್ಯಾಲ್ಕಮ್, ನೀನೂ ಬಾ. ನನ್ನ ದೋಣೀಲೇ ಕೂರು."

ಮುಂದಿನ ಸಾಲಿನಿಂದ ದೊಡ್ಡಪ್ಪ ನಕ್ಕರು. "ಅಬ್ಬಿ ಹೆಂಗೆ ದಾಟಿಸ್ತೀಯಮ್ಮ? ರೆಕ್ಕೆ ಕಟ್ತೀಯಾ?"

"ನಡೆಸ್ತೀನಿ ಮಾವ."

"ಹೊರೆದಾರಿ ಸುಟ್ಟು ಮೂವತ್ತು ವರ್ಷ ಆಯ್ತು."

"ಹಂಗಾದ್ರೆ ಕಡೀತೀನಿ."

ಕಡಿಯಲು ಹೊರಟವರು ಅತ್ತಿಗೆ, ಅವಳ ಮಗಳು ಡಾರ್ಕಸ್, ನಾನು. ಅಬ್ಬಿಯ ಪಕ್ಕದ ಗುಡ್ಡ ಎಂದರೆ ಕೇಳಬೇಡಿ. ಸುಟ್ಟ ಮರಗಳು ಒಂದರ ಮೇಲೊಂದು ಬಿದ್ದಿವೆ, ಅವುಗಳ ಸಂದಿಯಲ್ಲಿ ಎಳೆ ಬರ್ಚ್ ಮರಗಳು ಒತ್ತೊತ್ತಾಗಿ ಎದ್ದಿವೆ, ಕೆಳಗೆ ಕೆಸರು. ಕರಿನೊಣ ಕಿವಿಯೊಳಗೆ, ಮೂಗಿನೊಳಗೆ, ಚಹದೊಳಗೆ. ಡಾರ್ಕಸ್‌ಳ ಕಣ್ಣುಗಳು ಊದಿ ಮುಚ್ಚಿಹೋದವು. ನಾವು ಕಡಿದ ದಾರಿ ಎರಡು ಸಲ ನೇರ ಹೋಗಿ ಬಂಡೆಗೋಡೆಗೆ ಮುಟ್ಟಿತು. ಎರಡು ಸಲವೂ ವಾಪಸ್ ಬಂದು ಹೊಸದಾಗಿ ಶುರು ಮಾಡಿದೆವು.

ಎರಡನೆಯ ಸಲ ನಾನು ಕೊಡಲಿ ಬಿಸಾಕಿದೆ. "ಅತ್ತಿಗೆ, ನನಗೆ ಸಾಕು. ಕರಡಿಗೂ ಬೇಡವಾದ ಜಾಗ ಇದು."

"ಸಾಕಾದ್ರೆ ಕೂತ್ಕೋ. ಚಹ ಕಾಯ್ಸು. ಆದ್ರೆ ಕರಡಿ ಹೆಸರು ಎತ್ತಬೇಡ, ಅದಕ್ಕೆ ಬೇಜಾರಾಗತ್ತೆ."

ಚಹ ಕಾಯಿಸುತ್ತಿರುವಾಗ ಕೆಳಗಡೆ ಯಾರೋ ಕೆಮ್ಮಿದರು. ನೋಡಿದರೆ ದೊಡ್ಡಪ್ಪ. ಒಬ್ಬರೇ ದೋಣಿಯಲ್ಲಿ ಬಂದಿದ್ದಾರೆ, ಹೆಗಲ ಮೇಲೆ ಹಳೆಯ ಕೊಡಲಿ. ಸಹಾಯಕ್ಕೆ ಬಂದೆ ಎಂದು ಅವರು ಹೇಳಲಿಲ್ಲ. "ಇಷ್ಟು ಗದ್ದಲ ಮಾಡಿದ್ರೆ ಊರಲ್ಲಿ ನಿದ್ದೆ ಹೆಂಗೆ ಬರುತ್ತೆ," ಎಂದರು. ಊರು ಎರಡು ದಿನದ ದಾರಿ.

ಅತ್ತಿಗೆ ತನ್ನ ಲೋಟದ ಚಹವನ್ನು ಅವರಿಗೆ ಕೊಟ್ಟಳು.

ದೊಡ್ಡಪ್ಪನಿಗೂ ದಾರಿ ನೆನಪಿರಲಿಲ್ಲ. ಹುಡುಗನಾಗಿದ್ದಾಗ ಹಣೆಪಟ್ಟಿಯಲ್ಲಿ ಹೊರೆ ಕಟ್ಟಿಕೊಂಡು ನೆಲ ನೋಡುತ್ತ ನಡೆದದ್ದೇ ಹೊರತು ಸುತ್ತ ನೋಡಿರಲಿಲ್ಲ. ಆದರೆ ನಾಲ್ಕನೆಯ ಕೊಡಲಿ ನಾಲ್ಕನೆಯ ಕೊಡಲಿಯೇ. ಒಂದು ಮಧ್ಯಾಹ್ನ ಡಾರ್ಕಸ್ ಪಾಚಿ ಕೆರೆದಾಗ ಚಪ್ಪಟೆ ಬಂಡೆಯೊಂದು ಕಂಡಿತು. ಹೊರೆ ಹೊತ್ತವರು ದಣಿವಾರಿಸಿಕೊಳ್ಳಲು ಬೆನ್ನು ಒರಗಿಸಿ ಒರಗಿಸಿ ಅದರ ಅಂಚು ನುಣುಪಾಗಿತ್ತು. ದೊಡ್ಡಪ್ಪ ಅದಕ್ಕೆ ಬೆನ್ನು ಕೊಟ್ಟು ಕೂತರು. ಕೈಯಿಂದ ಅಂಚನ್ನು ಸವರಿದರು. ಆ ಮುದುಕ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇಲ್ಲೇ ನಮ್ಮಮ್ಮ ನಂಗೆ ಬ್ಯಾನಕ್ ರೊಟ್ಟಿ ಮುರಿದು ಕೊಡ್ತಿದ್ಲು," ಎಂದರು.

ಅಲ್ಲಿಂದ ಮುಂದೆ ನೆಲದ ತಗ್ಗನ್ನೇ ಹಿಡಿದು ಹೋದರೆ ದಾರಿ ತಾನಾಗಿ ತೆರೆದುಕೊಂಡಿತು. ಅಬ್ಬಿಯ ಬುಡ ತಲುಪಿದಾಗ ಅತ್ತಿಗೆ ಬಟ್ಟೆ ಸಮೇತ ನೀರಿಗೆ ಹಾರಿದಳು.

ಆಗಸ್ಟ್‌ನಲ್ಲಿ ಹೊರಟ ದೋಣಿಗಳನ್ನು ನೋಡಬೇಕಿತ್ತು. ಹಸಿರು ಕ್ಯಾನ್ವಾಸಿನವು, ಅಲ್ಯೂಮಿನಿಯಮ್ಮಿನವು, ಯಾರದೋ ಕೊಟ್ಟಿಗೆಯಿಂದ ತೆಗೆದು ಟಾರು ಬಳಿದವು. ಹತ್ತು ಬರಬಹುದು ಎಂದುಕೊಂಡಿದ್ದೆವು, ಇಪ್ಪತ್ತಕ್ಕೂ ಮೀರಿ ಬಂದವು. ತಾಯಂದಿರು, ಕೂಸುಗಳು, ನಾಯಿಗಳು, ಮುಖ್ಯಸ್ಥ ಮ್ಯಾಲ್ಕಮ್ ತನ್ನ ಹೊಸ ಟೋಪಿಯೊಂದಿಗೆ. ಎಲ್ಲರಿಗಿಂತ ಹಿರಿಯಳು ಶಾರ್ಲಟ್ ಅಜ್ಜಿ. ಊರಿಗೆಲ್ಲ ಅವಳು ಕೂಕುಂ, ಅಂದರೆ ಅಜ್ಜಿ. ಎಂಬತ್ತು ದಾಟಿದವಳು, ಅಬ್ಬಿಯ ಕೆಳಗೆ ಮರಳುದಿಬ್ಬವೊಂದರ ಮೇಲೆ ಗುಡಾರದಲ್ಲಿ ಹುಟ್ಟಿದವಳು.

ಹೊರೆದಾರಿ ಶುರುವಾಗುವಲ್ಲಿ ಹುಡುಗರು ಅವಳನ್ನು ಹೊತ್ತೊಯ್ಯಲು ಕಂಬಳಿ, ಕೋಲು ಕಟ್ಟಿ ತಯಾರಾಗಿದ್ದರು.

"ಇದೇನ್ರೋ ಇದು?" ಎಂದಳು ಅಜ್ಜಿ.

"ನಿನ್ನ ಹೊತ್ಕೊಂಡು ಹೋಗೋಕೆ, ಕೂಕುಂ."

"ಈ ದಾರೀಲಿ ನಾನು ಹಿಟ್ಟಿನ ಮೂಟೆ ಹೊತ್ತೋಳು. ಮೂಟೆ ಥರಾ ಹೊರಿಸ್ಕೊಂಡು ಹೋಗಲ್ಲ. ಸರೀರಿ ಆ ಕಡೆ."

ಅವಳು ನಡೆದಳು. ಡಾರ್ಕಸ್‌ಳ ತೋಳು ಹಿಡಿದು, ನಿಂತು ನಿಂತು, ದಾರಿ ಬದಿಯ ಹಣ್ಣು ಕಿತ್ತು ತಿನ್ನುತ್ತ, ಹಿಂದೆ ದೋಣಿ ಹೊತ್ತು ಬೆವರುತ್ತಿದ್ದವರನ್ನು "ಏನು, ಇಷ್ಟಕ್ಕೇ ಉಸಿರಾ?" ಎಂದು ಛೇಡಿಸುತ್ತ. ಸಂಜೆ ಹೊತ್ತಿಗೆ ಅಬ್ಬಿಯ ಕೆಳಗಿದ್ದಳು. ಅವಳಿಗಿಂತ ಹಿಂದೆ ಉಳಿದವರಲ್ಲಿ ಮುಖ್ಯಸ್ಥನೂ ಒಬ್ಬ, ನಾನೂ ಒಬ್ಬ.

ಅಲ್ಲಿಂದಾಚೆ ಕರಡಿಬಾಯಿ. ಎರಡು ಕಡೆಯೂ ಕಡಿದಾದ ಬಂಡೆಗೋಡೆ, ನಡುವೆ ಉದ್ದನೆಯ ಸೆಳವು. ಹೊರಲು ದಡವಿಲ್ಲ, ಹಗ್ಗ ಹಿಡಿಯಲು ಜಾಗವಿಲ್ಲ, ದೋಣಿಯಲ್ಲೇ ಇಳಿಯಬೇಕು. ಅತ್ತಿಗೆ ಗುಡ್ಡದ ನೆತ್ತಿಗೆ ಹತ್ತಿ ಹೊಟ್ಟೆಯ ಮೇಲೆ ಮಲಗಿ ಕೆಳಗಿನ ನೀರನ್ನು ನೋಡಿದಳು. ಹಿಂದಿನ ವಾರದ ಮಳೆಗೆ ನೀರು ಏರಿತ್ತು. ಇಳಿದು ಬಂದು ಒಂದು ದಿನ ಕಾಯೋಣವೆಂದಳು. ಕಾದೆವು. ನೀರು ಒಂದು ಗೇಣು ಇಳಿಯಿತು. ಮತ್ತೆ ಹತ್ತಿ ನೋಡಿ ಬಂದು, ಎಲ್ಲರನ್ನೂ ಕರೆದು ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಳು.

"ಮೊದಲು ಎಡಗೋಡೆಗೆ ಹತ್ತಿರ. ಬೋಳು ಬಂಡೆ ಕಂಡ ತಕ್ಷಣ ಬಲಕ್ಕೆ, ಕೈಲಿರೋ ಶಕ್ತಿಯೆಲ್ಲ ಹಾಕಿ. ಆಮೇಲೆ ಅಲೆ ದೊಡ್ಡವು, ಆದ್ರೆ ಕೆಟ್ಟವಲ್ಲ. ನಾನು ಮುಂದೆ ಹೋಗ್ತೀನಿ. ನನ್ನ ತಲೆವಸ್ತ್ರ ನೋಡ್ಕೊಂಡು ಬನ್ನಿ."

ಎರಡನೆಯ ದೋಣಿ ದೊಡ್ಡಪ್ಪನದು, ಅದರ ನಡುವೆ ಶಾರ್ಲಟ್ ಅಜ್ಜಿ. ಎಲ್ಲರೂ ಹುಟ್ಟು ಕೈಗೆತ್ತಿಕೊಂಡಾಗ ದೊಡ್ಡಪ್ಪ ಮಾತ್ರ ನೀರಿನಂಚಿನಲ್ಲಿ ನಿಂತೇ ಇದ್ದರು. ಕೆಳಗಿನ ನೀರಿನ ಕಡೆ ನೋಡುತ್ತಿದ್ದರು, ಕಣ್ಣು ಕಿರಿದು ಮಾಡಿ.

"ಹ್ಯಾರಿಯೆಟ್," ಎಂದರು, "ಆ ಬೋಳು ಬಂಡೆ ಎಲ್ಲಿದೆ?"

ಅದು ಅಲ್ಲೇ, ಕಣ್ಣೆದುರಿಗೇ, ಮನೆಯಷ್ಟು ದೊಡ್ಡದಾಗಿ ನಿಂತಿತ್ತು.

ಅತ್ತಿಗೆ ಅವರ ಹತ್ತಿರ ಬಂದಳು. ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಹೋದ ವರ್ಷದಿಂದ ಕಣ್ಣಿಗೆ ಮಂಜು. ಮನೇಲೂ ಹೇಳಿಲ್ಲ. ಶಾರ್ಲಟ್‌ನ ಕೊಲ್ಲೋಕೆ ನನಗಿಷ್ಟ ಇಲ್ಲ. ನನ್ನ ದೋಣಿ ಹಿಂದೆ ನೀನು ಕೂರು. ನಾನು ನಡುವೆ ಕೂರ್ತೀನಿ."

ಯಾರೂ ನಗಲಿಲ್ಲ. ಅತ್ತಿಗೆ ಅವರ ಕೈಯಿಂದ ಹುಟ್ಟನ್ನು ತೆಗೆದುಕೊಂಡಳು, ಎರಡೂ ಕೈಯಲ್ಲಿ, ದೊಡ್ಡವರು ಏನಾದರೂ ಕೊಟ್ಟಾಗ ತೆಗೆದುಕೊಳ್ಳುವಂತೆ.

"ನೀವು ನನ್ನ ಕಣ್ಣ ಮುಂದೇ ಇದ್ರೆ ನನಗೆ ಧೈರ್ಯ ಮಾವ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಸಿಂಕ್ಲೇರ್, ನಮ್ಮ ದೋಣಿ ಹಿಂದೆ ನೀನು. ಡಾರ್ಕಸ್ ಮುಂದೆ."

"ನಾನಾ?" ಎಂದೆ. "ನನಗೆ ಬರೋದು ಕೂಗೋದಷ್ಟೇ!"

ನಡುವೆ ಕೂತಿದ್ದ ಮ್ಯಾಲ್ಕಮ್ ಹಿಂದೆ ತಿರುಗಿ ನೋಡಿದ. ಅವನ ಮುಖ ಸುಣ್ಣವಾಗಿತ್ತು.

"ಇಷ್ಟು ವರ್ಷ ನನ್ನ ಬೈಗಳು ಕೇಳಿದ್ದೀಯಲ್ಲ. ಅದರಲ್ಲೇ ಎಲ್ಲ ಇದೆ. ನೆನಪು ಮಾಡ್ಕೊಂಡು ಬಾ," ಎಂದಳು ಅತ್ತಿಗೆ.

ಇಳಿದೆವು. ಸದ್ದು ಮೊದಲು ಎದೆಗೆ ಬಡಿಯಿತು. ಮುಂದೆ ಆ ಹೂವಿನ ವಸ್ತ್ರ ಎಡಗೋಡೆಯ ಪಕ್ಕದಲ್ಲಿ ಸಾಗುತ್ತಿತ್ತು. ಅದೊಂದನ್ನೇ ನೋಡಿದೆ. ವಸ್ತ್ರ ಬಲಕ್ಕೆ ಹೊರಳಿತು. "ಬಲಕ್ಕೆ!" ಎಂದು ಡಾರ್ಕಸ್ ಕೂಗಿದಳು, ಥೇಟ್ ಅವಳಮ್ಮನ ದನಿ. ನಾನು ಹುಟ್ಟನ್ನು ನೀರಿಗೆ ಚುಚ್ಚಿ ಮೈಯೆಲ್ಲ ಹಾಕಿ ಎಳೆದೆ. ಬೋಳು ಬಂಡೆ ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಸರಿದುಹೋಯಿತು. ಅದರಾಚೆ ಅಲೆಗಳು. ಒಂದು ಅಲೆ ಮ್ಯಾಲ್ಕಮ್‌ನ ತಲೆಯ ಮೇಲಿಂದ ಬಂದು ಅವನ ಹೊಸ ಟೋಪಿಯನ್ನು ಕೊಲ್ಲಿಯ ಕಡೆ ಕಳಿಸಿತು. ಇನ್ನೊಂದು ಬಂತು, ಮತ್ತೊಂದು ಬಂತು, ದೋಣಿ ಅರ್ಧ ತುಂಬಿತು, ಮುಳುಗಲಿಲ್ಲ. ಆಮೇಲೆ ನೀರು ಇದ್ದಕ್ಕಿದ್ದಂತೆ ಮೆತ್ತಗಾಗಿ ನಮ್ಮನ್ನು ವಿಶಾಲವಾದ ಮಡುವಿನೊಳಗೆ ಬಿಟ್ಟಿತು.

ಅಲ್ಲಿ ಅತ್ತಿಗೆ ದೋಣಿ ತಿರುಗಿಸಿಕೊಂಡು, ನಮ್ಮ ಹಿಂದಿನವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗುತ್ತ ನಿಂತಿದ್ದಳು. ಒಂದು ದೋಣಿ ಮಗುಚಿತು. ಅದರಲ್ಲಿದ್ದ ಇಬ್ಬರನ್ನೂ ಅವರ ನಾಯಿಯನ್ನೂ ಡಾರ್ಕಸ್ ಮತ್ತು ನಾನು ಎಳೆದು ಹಾಕಿಕೊಂಡೆವು. ಕೊನೆಯ ದೋಣಿ ಬಂದಾಗ ಮಡುವಿನ ತುಂಬ ಹುಟ್ಟುಗಳಿಂದ ದೋಣಿಯ ಬದಿ ಬಡಿಯುವ ಸದ್ದು. ದೊಡ್ಡಪ್ಪ ನಡುವೆ ಕೂತಲ್ಲೇ ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದರು.

ಶಾರ್ಲಟ್ ಅಜ್ಜಿ ತೊಯ್ದು ತೊಪ್ಪೆಯಾಗಿದ್ದಳು. ಬೊಚ್ಚು ಬಾಯಿ ತೆರೆದು, "ಇನ್ನೊಂದ್ ಸಲ ಹೋಗೋಣವಾ?" ಎಂದಳು.

ಎರಡು ದಿನದ ಮೇಲೆ ಅವಳು ಹುಟ್ಟಿದ ಮರಳುದಿಬ್ಬ ಸಿಕ್ಕಿತು. ಅಲ್ಲಿ ಗುರುತಿಗೆ ಏನೂ ಇರಲಿಲ್ಲ, ಹುಲ್ಲು, ಗಾಳಿ, ಅಷ್ಟೇ. ಅಜ್ಜಿ ಬೂಟು ಬಿಚ್ಚಿ ಬರಿಗಾಲಲ್ಲಿ ಅದರ ಮೇಲೆಲ್ಲ ಓಡಾಡಿದಳು. ಹುಡುಗರ ಬಲೆಗೆ ದೊಡ್ಡದೊಂದು ನಮೇವ್ ಬಿತ್ತು. ಬೆಂಕಿ ಹಾಕಿ, ಮೀನು ಸುಟ್ಟು, ಎಲ್ಲರಿಗಿಂತ ಮೊದಲು ಒಂದು ತುಂಡನ್ನು ಬೆಂಕಿಗೆ ಕೊಟ್ಟು, ಆಮೇಲೆ ಎಲ್ಲರೂ ತಿಂದೆವು. ಮ್ಯಾಲ್ಕಮ್ ತನ್ನ ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಂಚಿನಲ್ಲಿ ನಿಂತಿದ್ದ. ಅವನ ಪಕ್ಕ ಅತ್ತಿಗೆ ಹೋಗಿ ನಿಂತಳು. ಅಣೆಕಟ್ಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಇಲ್ಲಿ ಇನ್ನೊಂದು ದಿನ ಇರೋಣ ಅಕ್ಕ," ಎಂದ ಅವನು. ನಾವು ನಾಲ್ಕು ದಿನ ಇದ್ದೆವು. ಆಮೇಲೆ ಕೊಲ್ಲಿಯವರೆಗೂ ಹೋಗಿ ಉಪ್ಪುನೀರಿನಲ್ಲಿ ಕೈ ಅದ್ದಿ ಬಂದೆವು. ವಾಪಸ್ ಬರುವಾಗ ಕರಡಿಬಾಯಿಯಲ್ಲಿ ನೀರು ಇಳಿದು ಗೋಡೆಯ ಬುಡದಲ್ಲಿ ಬಂಡೆಸಾಲು ಕಂಡಿತ್ತು, ಅದರ ಮೇಲೆ ನಿಂತು ದೋಣಿಗಳನ್ನು ಹಗ್ಗದಿಂದ ಎಳೆದೆವು.

ಕಾಡುಬಾತುಗಳು ದಕ್ಷಿಣಕ್ಕೆ ಹೋದವು. ಸಭಾಭವನದಲ್ಲಿ ಮತ್ತೆ ಜನ ಸೇರಿದರು, ಈ ಸಲ ಬಾಗಿಲ ಹೊರಗೂ. ಮೊದಲು ಮಾತಾಡಿದ್ದು ಮ್ಯಾಲ್ಕಮ್. "ಮನೆಗೂ ಕೆಲಸಕ್ಕೂ ನಾನು ಬೇರೆ ದಾರಿ ಹುಡುಕ್ತೀನಿ. ಹುಡುಕದೇ ಇದ್ರೆ ನನ್ನ ಕೆಳಗಿಳಿಸಿ. ಆದ್ರೆ ಅಣೆಕಟ್ಟು ಬೇಡ," ಎಂದು ತನ್ನ ಕೈಯನ್ನು ತಾನೇ ಮೊದಲು ಎತ್ತಿದ. ಆಮೇಲೆ ಎದ್ದ ಕೈಗಳನ್ನು ಎಣಿಸಲು ಯಾರೂ ಹೋಗಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಊರು ಒಲ್ಲೆನೆಂದ ಮೇಲೆ ಕಂಪನಿ ಒಂದು ಚಳಿಗಾಲ ಜಗ್ಗಾಡಿ, ಕೊನೆಗೆ ಬೇರೆ ಕಡೆ ಮುಖ ಮಾಡಿತು. ಅತ್ತಿಗೆ ಕಿತ್ತಳೆ ಪಟ್ಟಿಗಳನ್ನೆಲ್ಲ ಬಿಚ್ಚಿ ತಂದು ಶಾಲೆಯ ಮಕ್ಕಳಿಗೆ ಗಾಳಿಪಟದ ಬಾಲಕ್ಕೆ ಕೊಟ್ಟಳು.

ನಮೇವ್ ನದಿಗೆ ಇವತ್ತಿಗೂ ಕಾನೂನಿನ ಕಾವಲಿಲ್ಲ. ನಾಳೆ ಇನ್ನೊಂದು ಕಂಪನಿ ಬರಬಹುದು. ಬರಲಿ. ಈಗ ಅಬ್ಬಿಯ ಕೆಳಗೆ ನೋಡದ ಮಗು ನಮ್ಮೂರಲ್ಲಿಲ್ಲ. ಡಾರ್ಕಸ್ ದೋಣಿಯ ಹಿಂದೆ ಕೂರುತ್ತಾಳೆ, ಅವಳ ಜೊತೆ ಇನ್ನೂ ಐದಾರು ಹೆಂಗಸರು. ದೊಡ್ಡಪ್ಪನ ಕಣ್ಣಿಗೆ ಆಪರೇಶನ್ ಆಯಿತು. ಈಗ ಎಲ್ಲ ಕಾಣುತ್ತದೆ, ಆದರೂ ನಡುವೆಯೇ ಕೂರುತ್ತಾರೆ. ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತದಂತೆ.

ಹೋದ ಜುಲೈನಲ್ಲಿ ಪಟ್ಟಣದವರನ್ನು ತಂದ ನೀರುವಿಮಾನ ನಮ್ಮ ಸರೋವರದ ಮೇಲೆ ಸುತ್ತು ಹಾಕುತ್ತಲೇ ಇತ್ತು, ಇಳಿಯಲು ಜಾಗವಿರಲಿಲ್ಲ. ನದಿಗೆ ಹೊರಟ ದೋಣಿಗಳು ದಡದಿಂದ ದಡಕ್ಕೆ ತುಂಬಿದ್ದವು. ರೇಡಿಯೋದಲ್ಲಿ ಪೈಲಟ್ ಸಿಡುಕಿದ: "ಹ್ಯಾರಿಯೆಟ್, ನಿಮ್ಮವರನ್ನ ಸ್ವಲ್ಪ ಸರಿಸು, ನನ್ನ ಎಣ್ಣೆ ಮುಗೀತಾ ಬಂತು!"

ಅತ್ತಿಗೆ ಹುಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು ರೇಡಿಯೋ ಕೈಗೆತ್ತಿಕೊಂಡಳು. "ಇನ್ನೊಂದು ಸುತ್ತು ಹಾಕಪ್ಪ. ಹಿಂದೆ ಇನ್ನೂ ಬರೋರಿದಾರೆ," ಎಂದಳು. ಆಮೇಲೆ ಅವಳು ನಕ್ಕ ನಗುವಿಗೆ ಆಚೆ ದಡದಲ್ಲಿ ಹಾರಲು ಒಂದು ಬಾತೂ ಉಳಿದಿರಲಿಲ್ಲ, ಅಲ್ಲೂ ದೋಣಿಗಳೇ.